ಯಾಕಮ್ಮನ ಅರ್ಜಿ

ಲಿಫ್ಟ್ ಮೇಸ್ತ್ರಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅವನ ಜೊತೆ ಕೆಲಸ ಮಾಡುವವರು ಹೇಳುತ್ತಿದ್ದರು. ಅದು ಅರ್ಧ ಮಾತ್ರ ನಿಜ. ಸುಟ್ಟ ಮೋಟಾರು, ತುಕ್ಕು ಹಿಡಿದ ಬೋಲ್ಟು, ಮೂರನೇ ಮಹಡಿಗೆ ಬಂದು ಮುನಿಸಿಕೊಂಡು ನಿಲ್ಲುವ ಹಳೇ ಲಿಫ್ಟು, ಇವುಗಳ ಮುಂದೆ ಅವನಷ್ಟು ತಾಳ್ಮೆಯ ಮನುಷ್ಯ ಸಿಗುತ್ತಿರಲಿಲ್ಲ. ಅವನ ಪಿತ್ತ ನೆತ್ತಿಗೇರುತ್ತಿದ್ದುದು ಒಂದೇ ಒಂದು ಮಾತಿಗೆ. "ನೀನು ಏನೇನೋ ಆಗಬೇಕಾಗಿತ್ತು" ಎಂಬ ಆ ಮಾತನ್ನು ಅವನು ಇಪ್ಪತ್ತೈದು ವರ್ಷಗಳಿಂದ ಕೇಳುತ್ತ ಬಂದಿದ್ದ. ನೆಂಟರು ಹೇಳಿದ್ದರು, ನೆರೆಯವರು ಹೇಳಿದ್ದರು, ಮದುವೆಯ ದಿನ ಮಾವನೂ ಹೇಳಿದ್ದರು. ಹೆತ್ತ ತಾಯಿಯಂತೂ ಬಾಯಿ ಬಿಟ್ಟು ಹೇಳದ ದಿನ ನಿಟ್ಟುಸಿರಿನಲ್ಲಾದರೂ ಹೇಳಿಯೇ ತೀರುತ್ತಿದ್ದರು.

ಕಾರಣ ಇಷ್ಟೇ. ಹನ್ನೆರಡನೇ ವಯಸ್ಸಿನಲ್ಲಿ ಅವನನ್ನು ಜಾಣ ಮಕ್ಕಳ ವಿಶೇಷ ತರಗತಿಗೆ ಆರಿಸಿದ್ದರು. ಇಡೀ ಬೀದಿಗೆ ಅವನೊಬ್ಬನೇ. ಮೂರು ವರ್ಷ ಹೋಗಿ ಬಂದವನು ಒಂದು ಬೆಳಿಗ್ಗೆ ಬೂಟು ಕೈಯಲ್ಲಿ ಹಿಡಿದುಕೊಂಡು "ನಾನು ಹೋಗಲ್ಲ" ಎಂದು ಮೆಟ್ಟಿಲ ಮೇಲೆ ಕೂತುಬಿಟ್ಟ. ಬೈದರು, ಹೊಡೆದರು, ಗೋಗರೆದರು. ಹೋಗಲಿಲ್ಲವೆಂದರೆ ಹೋಗಲಿಲ್ಲ. ತಾಂತ್ರಿಕ ಶಾಲೆ ಸೇರಿ ಲಿಫ್ಟಿನ ಕೆಲಸ ಕಲಿತ. ಅಂದಿನಿಂದ ಮನೆಯವರ ಲೆಕ್ಕದಲ್ಲಿ ಅವನು ಬಿದ್ದವನು. ಅವನ ಲೆಕ್ಕ ಬೇರೆ ಇತ್ತು, ಆದರೆ ಅದನ್ನು ಯಾರೂ ಕೇಳಿರಲಿಲ್ಲ.

ಅಂಥವನ ಮನೆಗೆ ಒಂದು ಮಂಗಳವಾರ ಸಂಜೆ ಅದೇ ತರಗತಿಯ ಕಾಗದ ಮತ್ತೆ ಬಂತು. ಈ ಸಲ ಮಗಳ ಹೆಸರಿಗೆ.

ಮಗಳು ಏಳನೇ ಕ್ಲಾಸು. ಮಾತು ಕಲಿತ ದಿನದಿಂದ ಯಾಕೆ, ಯಾಕೆ ಎಂದು ಕೇಳಿ ಕೇಳಿ ಅಪ್ಪನ ಬಾಯಲ್ಲಿ 'ಯಾಕಮ್ಮ' ಆಗಿದ್ದಳು. ಲಿಫ್ಟಿನೊಳಗೆ ಕನ್ನಡಿ ಯಾಕೆ ಇಡ್ತಾರೆ? ಬಾಗಿಲು ಮುಚ್ಚೋ ಗುಂಡಿ ಹತ್ತು ಸಲ ಒತ್ತಿದ್ರೂ ಒಂದೇ ಸಲ ಯಾಕೆ ಮುಚ್ಚುತ್ತೆ? ಅಪ್ಪ ಅವಳ ಪ್ರಶ್ನೆಗಳಿಗೆ ಕೈಯಲ್ಲಿ ಸ್ಪ್ಯಾನರ್ ಹಿಡಿದುಕೊಂಡೇ ಉತ್ತರ ಹೇಳುತ್ತಿದ್ದ. ಅಮ್ಮ ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಗಾಜು ಉಜ್ಜಿ ಬಂದವಳು, "ನಿಮ್ಮಪ್ಪನ್ನ ಕೇಳು" ಎಂದು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು.

ಕಾಗದದಲ್ಲಿ ಇದ್ದದ್ದು ಇಷ್ಟು: ಬರುವ ವರ್ಷ ಎಂಟನೇ ತರಗತಿಯಿಂದ ವಿಶೇಷ ತರಗತಿ; ನಡೆಯುವುದು ಪಟ್ಟಣದ ಆಚೆ ತುದಿಯ ಬೇರೆ ಶಾಲೆಯಲ್ಲಿ; ನಿಮ್ಮ ಮಗಳು ಅರ್ಜಿ ಹಾಕಲು ಅರ್ಹಳು; ತಂದೆ ಅಥವಾ ತಾಯಿಯ ಸಹಿಯೊಂದಿಗೆ ಅರ್ಜಿ ಶನಿವಾರ ಮಧ್ಯಾಹ್ನ ಹನ್ನೆರಡರೊಳಗೆ ಈಗಿನ ಶಾಲೆಯ ಆಫೀಸಿಗೆ ತಲುಪಬೇಕು. ಅರ್ಜಿ ಹಾಕಿದ ಮೇಲೆ ಪರೀಕ್ಷೆ, ಪರೀಕ್ಷೆಯ ಮೇಲೆ ಆಯ್ಕೆ.

"ಬೆಳೆಯೋ ಸಿರಿ ಮೊಳಕೆಯಲ್ಲೇ ಅಂತ ನಾನು ಆವತ್ತೇ ಹೇಳಲಿಲ್ವಾ?" ಎಂದರು ಅಜ್ಜಿ, ಮೇಸ್ತ್ರಿಯ ತಾಯಿ. ಅವರು ಹೇಳಿರಲಿಲ್ಲ. ಆದರೆ ಹಾಗೆಂದು ಅವರನ್ನು ತಿದ್ದಲು ಆ ಮನೆಯಲ್ಲಿ ಯಾರೂ ಹೋಗುತ್ತಿರಲಿಲ್ಲ.

"ಬೇಡ" ಎಂದ ಮೇಸ್ತ್ರಿ, ಕಾಗದವನ್ನು ಪೂರ್ತಿ ಓದುವ ಮೊದಲೇ.

"ಯಾಕೋ ಬೇಡ?"

"ಅದರ ಹಣೆಬರಹ ನನಗೆ ಗೊತ್ತು. ಮೂರು ವರ್ಷ ಅಲ್ಲಿ ಕೂತು ಬಂದೋನು ನಾನು. ಅಲ್ಲಿ ಪಾಠ ಹೇಳಲ್ಲಮ್ಮ, ತೂಗ್ತಾರೆ. ವಾರವಾರವೂ ತೂಗ್ತಾರೆ. ಎರಡು ಗುಂಜಿ ಕಮ್ಮಿ ಬಂದ್ರೆ ಮನೆಗೆ ಕಾಗದ. ಕಾಗದ ಬಂದ ದಿನ ನೀನು ಊಟ ಬಿಡ್ತಿದ್ದೆ, ನೆನಪಿದೆಯಾ?"

"ನಿನ್ನ ಒಳ್ಳೇದಕ್ಕೇ ಬಿಟ್ಟೆ."

"ಹಸಿವಾಗಿದ್ದು ನಿನಗೆ, ಹೊಟ್ಟೆ ಉರಿದಿದ್ದು ನನಗೆ. ಅದರಲ್ಲಿ ಯಾರಿಗೆ ಒಳ್ಳೇದಾಯ್ತು?"

ಹೆಂಡತಿ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡಿದಳು. "ಅರ್ಜಿ ಹಾಕೋಣ ರೀ, ಪರೀಕ್ಷೆ ಬರೀಲಿ. ಪಾಸಾದ್ರೆ ಆಮೇಲೆ ನೋಡೋಣ. ಆಗದೇ ಇರಲೂಬಹುದು."

"ಕಾಲಿಟ್ಟ ಮೇಲೆ ನೋಡೋದೇನಿದೆ? ನಾಳೆ ಅವಳೇನಾದ್ರೂ ಹೊರಗೆ ಬಂದ್ಲು ಅಂತಿಟ್ಕೋ, ಸಾಯೋವರೆಗೂ ಇವಳು ಏನೇನೋ ಆಗಬೇಕಾಗಿತ್ತು ಅಂತಾರೆ. ಆ ಹಣೆಪಟ್ಟಿ ನನಗೊಬ್ಬನಿಗೇ ಸಾಕು. ನನ್ನ ಮಗಳಿಗೆ ಅಂಟಿಸೋಕೆ ಬಿಡಲ್ಲ."

ಅರ್ಧ ಗಂಟೆ ಹೀಗೇ ನಡೆಯಿತು. ಊಟದ ತಟ್ಟೆಗಳು ಒಣಗಿದವು. ಕೊನೆಗೆ ಮೇಸ್ತ್ರಿ ಮಗಳ ಕಡೆ ತಿರುಗಿದ. "ಏನಮ್ಮಾ ಯಾಕಮ್ಮ, ನೀನೇನಂತೀಯ? ಗೆಳತಿಯರನ್ನೆಲ್ಲ ಬಿಟ್ಟು ಆ ತಕ್ಕಡಿ ಮೇಲೆ ಹೋಗಿ ಕೂರ್ತೀಯಾ?"

ಕೇಳಿದ ರೀತಿಯಲ್ಲೇ ಉತ್ತರವೂ ಇತ್ತು. ಹುಡುಗಿ ತಟ್ಟೆಯಿಂದ ತಲೆ ಎತ್ತಲಿಲ್ಲ. ದಿನಕ್ಕೆ ನೂರು ಸಲ ಯಾಕೆ ಎನ್ನುವವಳು ಆಗ ಒಂದು ಸಲವೂ ಅನ್ನಲಿಲ್ಲ.

"ನೋಡಿದ್ರಲ್ಲ? ಮೌನಂ ಸಮ್ಮತಿ ಲಕ್ಷಣಂ. ಮುಗೀತು" ಎಂದು ಮೇಸ್ತ್ರಿ ಕೈ ತೊಳೆಯಲು ಎದ್ದ.

ಮರುದಿನ ಕೆಲಸಕ್ಕೆ ಹೋಗುವ ದಾರಿಯಲ್ಲೇ ಶಾಲೆಗೆ ಹೋದ. ಗಣಿತದ ಮೇಡಂ ಟೀಚರ್‌ಗಳ ಕೋಣೆಯಲ್ಲಿ ನೋಟ್‌ಬುಕ್ಕುಗಳ ಗುಡ್ಡೆಯ ಹಿಂದೆ ಕೂತಿದ್ದರು. ಮಗಳ ಹೆಸರನ್ನು ಕಳಿಸಿದ್ದು ಅವರೇ. ಮೇಸ್ತ್ರಿ ನಿಂತುಕೊಂಡೇ ವಿಷಯ ಹೇಳಿದ.

"ಅವಳನ್ನ ಕೇಳಿದ್ರಾ?" ಎಂದರು ಮೇಡಂ.

"ಕೇಳಿದೆ. ಬೇಡ ಅಂದ್ಲು."

ಬೇಡ ಎಂದು ಅವಳು ಅಂದಿರಲಿಲ್ಲ ಎಂಬುದು ಬಾಯಿಂದ ಮಾತು ಬಿದ್ದ ಮೇಲೆ ಹೊಳೆಯಿತು. ಹೊಳೆದರೂ ತಿದ್ದಲಿಲ್ಲ. ಮೇಡಂ ಒಂದು ಬಿಳಿ ಹಾಳೆ ಕೊಟ್ಟು, ಹಾಗಾದರೆ ಬೇಡವೆಂದು ಬರೆದುಕೊಡಿ ಎಂದರು. ಅವನು ದಪ್ಪ ಅಕ್ಷರಗಳಲ್ಲಿ ಬರೆದ, ಉದ್ದನೆಯ ಸಹಿ ಹಾಕಿದ.

"ಇದನ್ನ ನೀವು ನಿಮ್ಮ ಮಗಳ ವಿಷಯಕ್ಕೆ ಬರೆದ್ರೋ, ನಿಮ್ಮ ವಿಷಯಕ್ಕೋ?" ಮೇಡಂ ಹಾಳೆಯನ್ನು ಮಡಿಸುತ್ತ ಕೇಳಿದರು.

"ಎರಡೂ ಒಂದೇ, ಮೇಡಂ" ಎಂದು ಎದೆಯುಬ್ಬಿಸಿಕೊಂಡೇ ಹೊರಬಿದ್ದ. ಇಪ್ಪತ್ತೈದು ವರ್ಷದ ಸೇಡನ್ನು ಒಂದು ಸಹಿಯಲ್ಲಿ ತೀರಿಸಿದ ಖುಷಿ ಅವನಿಗೆ. ಆ ಖುಷಿ ಶುಕ್ರವಾರ ಸಂಜೆಯವರೆಗೆ ಬಾಳಿತು.

ಶುಕ್ರವಾರ ಅವನಿಗೆ ಹದಿನಾಲ್ಕು ಮಹಡಿಯ ಒಂದು ಕಚೇರಿ ಕಟ್ಟಡದಲ್ಲಿ ಕೆಲಸ ಇತ್ತು. ಜೊತೆಗೆ ಕೆಮ್ಮಣ್ಣ. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಈ ಹಿರಿಯ ಸದಾ ಕೆಮ್ಮುತ್ತಲೇ ಇರುತ್ತಿದ್ದುದರಿಂದ ಆ ಹೆಸರು. ಕೆಮ್ಮಣ್ಣ ಕೆಳಗೆ, ಲಿಫ್ಟಿನ ತಳದ ಗುಂಡಿಯೊಳಗೆ. ಮೇಸ್ತ್ರಿ ಮೇಲೆ, ತಾರಸಿಯ ಮೋಟಾರು ಕೋಣೆಯಲ್ಲಿ. ಇಬ್ಬರ ನಡುವೆ ಒಂದು ವಾಕಿಟಾಕಿ.

ಆ ಕೆಲಸದಲ್ಲಿ ಒಂದು ನಿಯಮ ಇದೆ. ಮೇಲಿನವನು "ಬಿಡ್ಲಾ?" ಎಂದು ಕೇಳಬೇಕು. ಕೆಳಗಿನವನು "ಬಿಡು" ಎಂದ ಮೇಲೆಯೇ ಲಿಫ್ಟು ಓಡಿಸುವ ಬಟನ್ ಒತ್ತಬೇಕು. ಉತ್ತರ ಬರದಿದ್ದರೆ ಇನ್ನೊಮ್ಮೆ ಕೇಳಬಹುದು, ಆಗಲೂ ಬರದಿದ್ದರೆ ಮೇನ್ ಸ್ವಿಚ್ ಆಫ್ ಮಾಡಿ, ಅದಕ್ಕೆ ಬೀಗ ಹಾಕಿ, ಮೆಟ್ಟಿಲಿಳಿದು ಹೋಗಿ ಕಣ್ಣಾರೆ ನೋಡಬೇಕು. ಸುಮ್ಮನಿದ್ದಾನೆ ಎಂದರೆ ಒಪ್ಪಿದ್ದಾನೆ ಎಂದು ತಿಳಿದವರು ಆ ಕೆಲಸದಲ್ಲಿ ಹೆಚ್ಚು ದಿನ ಉಳಿಯುವುದಿಲ್ಲ, ಅವರ ಜೊತೆಗಾರರಂತೂ ಉಳಿಯುವುದೇ ಇಲ್ಲ.

"ಬಿಡ್ಲಾ?" ಎಂದ ಮೇಸ್ತ್ರಿ. ಉತ್ತರವಿಲ್ಲ. ಕೆಮ್ಮೂ ಇಲ್ಲ. "ಕೆಮ್ಮಣ್ಣಾ, ಬಿಡ್ಲಾ?" ಇಲ್ಲ.

ಅಷ್ಟರಲ್ಲಿ ಕಟ್ಟಡದ ಮ್ಯಾನೇಜರ್ ಮೋಟಾರು ಕೋಣೆಗೆ ಏದುಸಿರು ಬಿಡುತ್ತ ಬಂದ. ದೊಡ್ಡವರು ಯಾರೋ ಕೆಳಗೆ ಬಂದು ನಿಂತಿದ್ದಾರಂತೆ, ಹತ್ತನೇ ಮಹಡಿಗೆ ಹೋಗಬೇಕಂತೆ. "ಒಂದೇ ಸಲ ಓಡಿಸಿ ಮಾರಾಯ್ರೇ, ಆಮೇಲೆ ಎಷ್ಟು ಬೇಕಾದ್ರೂ ರಿಪೇರಿ ಮಾಡ್ಕೊಳ್ಳಿ."

"ಕೆಳಗಿಂದ ದನಿ ಬಂದಿಲ್ಲ."

"ಅವನು ಟೀ ಕುಡಿಯೋಕೆ ಹೋಗಿರ್ತಾನೆ."

"ಹೋಗಿರಬಹುದು. ದನಿ ಬಂದಿಲ್ಲ."

"ನಿಮ್ಮ ಕಂಪನಿಗೆ ಫೋನ್ ಮಾಡ್ತೀನಿ, ನಿಮ್ಮ ಕೆಲಸ ಹೋಗುತ್ತೆ."

"ಮಾಡಿ. ನಂಬರ್ ಬಾಗಿಲ ಮೇಲೇ ಬರೆದಿದೆ" ಎಂದು ಮೇಸ್ತ್ರಿ ಸ್ವಿಚ್ಚಿಗೆ ಬೀಗ ಜಡಿದು, ಬೀಗದ ಕೈಯನ್ನು ಜೇಬಿಗಿಳಿಸಿ, ಹದಿನಾಲ್ಕು ಮಹಡಿ ಇಳಿದ.

ಗುಂಡಿಯ ಅಡಿಯಲ್ಲಿ ಎಣ್ಣೆ ಬೆರೆತ ನೀರು ನಿಂತಿತ್ತು. ವಾಕಿಟಾಕಿ ಕೈಜಾರಿ ಅದರೊಳಗೆ ಬಿದ್ದು ಸತ್ತಿತ್ತು. ಕೆಮ್ಮಣ್ಣ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಹೊಟ್ಟೆ ಅಡಿಯಾಗಿ ಮಲಗಿ, ಅದನ್ನು ತಡಕುತ್ತಿದ್ದ. ಅವನ ತಲೆ ಇದ್ದದ್ದು ಎದುರು ತೂಕದ ನೇರ ಕೆಳಗೆ. ಲಿಫ್ಟು ಮೇಲೆ ಹೋದರೆ ಅದನ್ನು ಸರಿದೂಗಿಸುವ ಕಬ್ಬಿಣದ ಆ ದಿಮ್ಮಿ ಕೆಳಗೆ ಬರುತ್ತದೆ. ಮೇಸ್ತ್ರಿ ಜೇಬಿನಲ್ಲಿದ್ದ ಬೀಗದ ಕೈಯನ್ನು ಮುಟ್ಟಿ ನೋಡಿಕೊಂಡ. ಕೆಮ್ಮಣ್ಣ ಮಾತ್ರ ತಲೆ ಎತ್ತಿ, "ಏನೋ, ಮೆಟ್ಟಿಲಿಳಿದು ಬಂದ್ಯಾ? ಮಂಡಿ ನೋವು ಅಂತಿದ್ದೆ" ಎಂದು ಕೆಮ್ಮಿದ. ಆ ಕೆಮ್ಮು ಕೇಳಿ ಮೇಸ್ತ್ರಿಗೆ ಅಳು ಬರುವಂತಾಯಿತು.

ಸಂಜೆ ಮನೆಗೆ ಬಂದವನು ಬಾಗಿಲಿನಿಂದಲೇ ಕಥೆ ಶುರುಮಾಡಿದ. ಮ್ಯಾನೇಜರನ ಏದುಸಿರನ್ನು ಮಾಡಿ ತೋರಿಸಿದ, ಬೀಗ ಜಡಿದದ್ದನ್ನು ಎರಡು ಸಲ ಹೇಳಿದ. ಹೆಂಡತಿ ಹೆದರಿ ಎದೆಯ ಮೇಲೆ ಕೈಯಿಟ್ಟುಕೊಂಡಳು. ಅಜ್ಜಿ "ದೊಡ್ಡವರನ್ನ ಕಾಯಿಸಬಾರದಾಗಿತ್ತು" ಎಂದರು. ಮೇಸ್ತ್ರಿ ಮೇಜು ಕುಟ್ಟಿ ಹೇಳಿದ: "ಯಾರೇ ಬರಲಿ! ಒಳಗಿರೋನ ದನಿ ಬರೋವರೆಗೂ ನಾನು ಮುಟ್ಟಲ್ಲ ಅಂದ್ರೆ ಮುಟ್ಟಲ್ಲ."

"ನನ್ನ ದನಿ ಬಂದಿತ್ತಾ?"

ಮಗಳು ಕಿಟಕಿಯ ಹತ್ತಿರ ನಿಂತಿದ್ದಳು. ಮೆಲ್ಲಗೆ ಕೇಳಿದ್ದಳು, ಆದರೆ ನೇರ ನೋಡಿ ಕೇಳಿದ್ದಳು.

"ಯಾವಾಗ?" ಎಂದ ಮೇಸ್ತ್ರಿ, ಯಾವಾಗ ಎಂದು ಗೊತ್ತಿದ್ದೂ.

"ಮಂಗಳವಾರ. ನಾನು ಬೇಡ ಅಂದೆ ಅಂತ ಮೇಡಂಗೆ ಹೇಳಿ ಬರೆದುಕೊಟ್ಟಿದ್ದೀಯಂತೆ, ಅವರೇ ಹೇಳಿದ್ರು. ನಾನು ಯಾವಾಗ ಅಂದೆ?"

"ನೀನು ಸುಮ್ಮನಿದ್ದೆ."

"ಸುಮ್ಮನಿದ್ರೆ ಮುಟ್ಟಬಾರದು ಅಂತ ಈಗ ನೀನೇ ಹೇಳಿದ್ಯಲ್ಲಪ್ಪ."

ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಿಗೆ ಬಿತ್ತು. ಹೊರಗಿನವರು ಯಾರಾದರೂ ಈ ಮಾತು ಅಂದಿದ್ದರೆ ಮೇಸ್ತ್ರಿ ಜಗಳಕ್ಕೆ ನಿಲ್ಲುತ್ತಿದ್ದ. ಇದು ಮಗಳ ಮಾತು, ಅದೂ ಅವನದೇ ನಿಯಮ.

"ಯಾಕೆ ಸುಮ್ಮನಿದ್ದೆ ಮಗಳೇ?" ಎಂದು ಕೊನೆಗೆ ಕೇಳಿದ. ಈ ಸಲ ಉತ್ತರ ಅವನಿಗೆ ಗೊತ್ತಿರಲಿಲ್ಲ.

"ಅಭ್ಯಾಸ ಆಗಿಹೋಗಿದೆ" ಎಂದಳು ಅವಳು. "ಕ್ಲಾಸಲ್ಲಿ ನಾನು ಕೈ ಎತ್ತಿದ್ರೆ ಎಲ್ಲರೂ ಡೆಸ್ಕ್ ಮೇಲೆ ತಲೆ ಇಟ್ಟು ಗೊರಕೆ ಹೊಡೀತಾರೆ. ತಮಾಷೆಗೆ. ಸಮಾಜದ ಸಾರ್ ನಗ್ತಾರೆ. 'ಇವಳು ಶುರು ಮಾಡಿದ್ಲು, ಇವತ್ತು ಪಾಠ ಮುಗಿಯಲ್ಲ' ಅಂತಾರೆ. ಈ ವರ್ಷ ನಾನು ಕ್ಲಾಸಲ್ಲಿ ಒಂದೂ ಪ್ರಶ್ನೆ ಕೇಳಿಲ್ಲಪ್ಪ. ಎಲ್ಲಾನೂ ಕೂಡಿಟ್ಕೊಂಡು ಬಂದು ನಿನ್ನನ್ನ ಕೇಳ್ತೀನಿ."

ಮನೆಯಲ್ಲಿ ದಿನಕ್ಕೆ ನೂರು ಪ್ರಶ್ನೆ ಬರುತ್ತಿದ್ದುದು ಯಾಕೆಂದು ಅವನಿಗೆ ಆಗ ತಿಳಿಯಿತು. ತನ್ನ ಯಾಕಮ್ಮ ದಿನಕ್ಕೆ ಆರು ಗಂಟೆ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಳು, ತಾನು ಅವಳ ಗೆಳತಿಯರನ್ನು ಉಳಿಸಿಕೊಟ್ಟೆನೆಂದು ಹೆಮ್ಮೆಪಟ್ಟುಕೊಂಡಿದ್ದ!

"ಅಲ್ಲಿ ನಿನ್ನನ್ನ ತೂಗ್ತಾರೆ" ಎಂದ. ದನಿಯಲ್ಲಿ ಮೊದಲಿನ ಜೋರು ಇರಲಿಲ್ಲ.

"ತೂಗಲಿ. ಕೇಳಿದ್ರೆ ಗೊರಕೆ ಹೊಡೆಯಲ್ವಲ್ಲ. ನಾನು ಹೋಗ್ತೀನಿ. ಇಷ್ಟ ಆಗದಿದ್ರೆ ಬಂದುಬಿಡ್ತೀನಿ, ನೀನು ಬಂದ ಹಾಗೆ. ಆದ್ರೆ ನಿನಗೆ ಮಾಡಿದ ಹಾಗೆ ಯಾರೂ ನನಗೆ ಮಾಡಬಾರದು."

"ನಿಮ್ಮಪ್ಪನಿಗೆ ಯಾರೇನು ಮಾಡಿದ್ರೇ?" ಅಜ್ಜಿ ಕುರ್ಚಿಯಲ್ಲಿ ನೆಟ್ಟಗೆ ಕೂತರು. "ಹೋಗೋಕೆ ಮುಂಚೆನೇ ವಾಪಸ್ ಬರೋ ಮಾತು! ಇವನ ಮಗಳೇ ನೀನು. ಇವನೂ ಹೀಗೇ ಬಿದ್ದಿದ್ದು."

"ಅಮ್ಮ" ಎಂದ ಮೇಸ್ತ್ರಿ.

ಅವನು ಕೂಗಲಿಲ್ಲ. ಕೂಗಿದ್ದರೆ ಅಜ್ಜಿ ತಿರುಗಿ ಕೂಗುತ್ತಿದ್ದರು, ಅದು ಅವರಿಬ್ಬರಿಗೂ ಅಭ್ಯಾಸವಿದ್ದ ದಾರಿ. "ಇಪ್ಪತ್ತೈದು ವರ್ಷ ಕೇಳಿಸ್ಕೊಂಡೆ. ಇವತ್ತು ನೀನು ಕೇಳಿಸ್ಕೋ. ನಾನು ಬಿದ್ದೋನಲ್ಲ, ಇಳಿದೋನು. ನನ್ನ ಕಾಲಲ್ಲಿ ನಾನೇ ಇಳಿದೆ. ಬೀಳೋದಕ್ಕೂ ಇಳಿಯೋದಕ್ಕೂ ವ್ಯತ್ಯಾಸ ಏನು ಅಂತ ಈ ಪಟ್ಟಣದಲ್ಲಿ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ನಾನು ಮಾಡೋ ಕೆಲಸಾನೇ ಅದು. ನನಗೆ ಈ ಕೆಲಸ ಇಷ್ಟ. ಆವತ್ತೂ ಇಷ್ಟ ಇತ್ತು. ನೀನೊಂದು ಸಲ ಕೇಳಿದ್ರೆ ಹೇಳ್ತಿದ್ದೆ."

ಅಜ್ಜಿಯ ಗಲ್ಲ ಅದುರಿತು. "ನನಗೂ ಒಂದು ಆಸೆ ಇರಬಾರದಾ?"

"ಇರಲಿ. ಆಸೆ ನಿನ್ನದೇ. ಅದನ್ನ ಹೊರೋ ಹೆಗಲು ಮಾತ್ರ ನಮ್ದು. ನನ್ನ ಹೆಗಲು ತಡೀತು. ಇವಳ ಮೇಲೆ ಹೊರಿಸೋಕೆ ನಾನು ಬಿಡಲ್ಲ, ನೀನು ಹೊರಿಸಿದ್ರೂ ಸರಿ, ನಾನೇ ಹೊರಿಸಿದ್ರೂ ಸರಿ."

ಅಜ್ಜಿ ಎದ್ದು ಒಳಗೆ ಹೋದರು. ಒಳಗೆ ಪಾತ್ರೆಗಳು ಸ್ವಲ್ಪ ಹೊತ್ತು ಜೋರಾಗಿ ಸದ್ದು ಮಾಡಿದವು. ಹೆಂಡತಿ ಗಂಡನ ಮುಖ ನೋಡಿದಳು, ಈ ಸಲ ದೀಪವನ್ನು ಗೋಡೆಯಿಂದ ಇಳಿಸಿ, "ನಾಳೆ ಬೆಳಿಗ್ಗೆ ನೀವಿಬ್ಬರೂ ಹೋಗಿ ಬನ್ನಿ. ನನಗೂ ಅವಳು ಹೋಗಲಿ ಅಂತಲೇ ಇತ್ತು, ಹೇಳೋಕೆ ಹೆದರಿಕೊಂಡೆ" ಎಂದಳು. ಅಜ್ಜಿ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ವಾಪಸು ಬಂದು ಮೊಮ್ಮಗಳ ಮುಂದೆ ನಿಂತರು.

"ವಾಪಸ್ ಬಂದ್ರೆ ಬಾ. ನಾನು ಯಾರ ಹತ್ರಾನೂ ಆಡಿಕೊಳ್ಳಲ್ಲ." ಒಂದು ಗಳಿಗೆ ತಡೆದು ಕೇಳಿದರು, "ಸೆಲೆಕ್ಟ್ ಆದ್ರೆ ಹೇಳಬಹುದಾ?"

"ಅದನ್ನೂ ಹೇಳಬಾರದು."

"ಒಬ್ಬರಿಗೆ?"

ಹುಡುಗಿ ಯೋಚಿಸಿದಳು. "ಒಬ್ಬರಿಗೆ ಹೇಳು."

ಶನಿವಾರ ಹತ್ತೂವರೆಗೆ ಅಪ್ಪ ಮಗಳು ಶಾಲೆಯ ಆಫೀಸಿನ ಕಿಟಕಿಯ ಮುಂದೆ ನಿಂತಿದ್ದರು. ಮೇಡಂ ರಜೆಯಲ್ಲಿದ್ದರು. ಗುಮಾಸ್ತ ಫೈಲು ತೆರೆದು, ಮೇಸ್ತ್ರಿಯ ದಪ್ಪ ಅಕ್ಷರದ ಹಾಳೆಯನ್ನು ಅವನಿಗೇ ತೋರಿಸಿದ.

"ನೀವೇ ಬೇಡ ಅಂತ ಬರೆದುಕೊಟ್ಟಿದ್ದೀರಲ್ಲ. ಇದನ್ನ ಬದಲಾಯಿಸೋಕೆ ಹೆಡ್ಮಾಸ್ಟರು ಬರಬೇಕು. ಅವರು ಬರೋದು ಸೋಮವಾರ."

"ಅರ್ಜಿಗೆ ಸಮಯ ಇರೋದು ಇವತ್ತು ಹನ್ನೆರಡರವರೆಗೆ."

"ಅದಕ್ಕೆ ನಾನೇನು ಮಾಡಲಿ?"

"ಅಪ್ಪ ಬೇಡ ಅಂತ ಬರೆದದ್ದನ್ನ ಅಪ್ಪನೇ ಬೇಕು ಅಂತ ತಿದ್ದೋ ಹಾಗಿಲ್ಲ ಅನ್ನೋ ನಿಯಮ ಎಲ್ಲಿದೆ? ತೋರಿಸಿ. ಇದ್ರೆ ಹೋಗ್ತೀವಿ. ಇಲ್ಲದಿದ್ರೆ ಸೋಮವಾರದವರೆಗೂ ಈ ಬೆಂಚಿನ ಮೇಲೇ ಕೂರ್ತೀವಿ" ಎಂದ ಮೇಸ್ತ್ರಿ.

ಗುಮಾಸ್ತ ಸುತ್ತೋಲೆಯನ್ನು ಹಿಂದೆ ಮುಂದೆ ತಿರುವಿದ. ಅಂಥ ನಿಯಮ ಇರಲಿಲ್ಲ. ಮೇಸ್ತ್ರಿ ಕಿಟಕಿಯೊಳಗೆ ಕೈ ಹಾಕಿ ತನ್ನ ಹಳೆಯ ಹಾಳೆಯನ್ನು ಎಳೆದುಕೊಂಡು, ಸಹಿಯ ಕೆಳಗೆ ಬರೆದ: 'ಮಗಳು ಬೇಡ ಅಂದಿರಲಿಲ್ಲ. ನಾನೇ ಅಂದದ್ದು. ತಪ್ಪು ನನ್ನದು. ಇದನ್ನು ವಾಪಸು ಪಡೆದಿದ್ದೇನೆ.' ಗುಮಾಸ್ತ ಅದನ್ನು ಓದಿ, ಮೇಸ್ತ್ರಿಯ ಮುಖ ನೋಡಿ, ಅರ್ಜಿಯ ನಮೂನೆ ಕೊಟ್ಟ.

ಬೆಂಚಿನ ಮೇಲೆ ಕೂತು ಹುಡುಗಿಯೇ ತುಂಬಿದಳು. ಹೆಸರು, ತರಗತಿ, ಹಿಂದಿನ ಅಂಕಗಳು. ಎರಡನೇ ಪುಟದ ನಡುವೆ ಒಂದು ಕಲಂ ಬಂತು: 'ಕುಟುಂಬದಲ್ಲಿ ಯಾರಾದರೂ ಈ ಹಿಂದೆ ವಿಶೇಷ ತರಗತಿಯಲ್ಲಿ ಓದಿದ್ದರೆ, ಅವರ ವಿವರ ಮತ್ತು ಈಗಿನ ಸ್ಥಾನ.' ಮೇಸ್ತ್ರಿ ಅದನ್ನು ನೋಡಿದ. ನಿನ್ನೆ ತಾಯಿಯ ಮುಂದೆ ಅಷ್ಟು ಮಾತಾಡಿದವನು ಈಗ ಆ ಸಾಲನ್ನು ಎರಡು ಸಲ ಓದಿದ. ಅವನ ಸ್ಥಾನ ಮಗಳ ದಾರಿಗೆ ಅಡ್ಡ ಬಂದರೆ?

ಗುಮಾಸ್ತನಿಗೆ ಆ ಕಲಂ ಗೊತ್ತಿತ್ತು. ಕಿಟಕಿಯಿಂದ ಬಗ್ಗಿ ಕೇಳಿದ, "ಯಾರಾದ್ರೂ ಓದಿದಾರಾ?"

"ನಾನು" ಎಂದ ಮೇಸ್ತ್ರಿ. "ಮಧ್ಯದಲ್ಲಿ ಬಿಟ್ಟೆ."

"ಹಾಗಾದ್ರೆ ಖಾಲಿ ಬಿಡಿ ಸಾರ್. ಮಗುವಿಗೆ ಒಳ್ಳೇದಲ್ಲ. ಯಾರೂ ಕೇಳಲ್ಲ."

ಮೇಸ್ತ್ರಿ ಮಗಳ ಕಡೆ ನೋಡಿದ. ಏನೂ ಹೇಳಲಿಲ್ಲ, ಕಾದ. ಅವಳು ಪೆನ್ನಿನ ತುದಿಯನ್ನು ಒಮ್ಮೆ ಕಚ್ಚಿ, ತಲೆ ತಗ್ಗಿಸಿ ಬರೆಯತೊಡಗಿದಳು. ಅವಳ ಅಕ್ಷರವೂ ಅವನದರಂತೆಯೇ ದಪ್ಪ.

'ನನ್ನ ಅಪ್ಪ. ಮೂರು ವರ್ಷ ಓದಿದರು. ಬೇಕೆಂದೇ ಬಿಟ್ಟರು. ಈಗ ಲಿಫ್ಟ್ ಮೇಸ್ತ್ರಿ. ನಾನು ಕೇಳಿದ ಎಲ್ಲ ಪ್ರಶ್ನೆಗೂ ಇಲ್ಲಿಯವರೆಗೆ ಉತ್ತರ ಹೇಳಿದವರು ಇವರೊಬ್ಬರೇ.'

ಮೇಸ್ತ್ರಿ ಓದಿದ. ಕಣ್ಣು ಮಂಜಾಯಿತು, ಅದನ್ನು ಒರೆಸಿಕೊಳ್ಳಲೂ ಇಲ್ಲ, ಮರೆಸಲೂ ಇಲ್ಲ. ಕೆಳಗೆ ಸಹಿ ಹಾಕಿದ. ಹುಡುಗಿ ಅರ್ಜಿಯನ್ನು ಕಿಟಕಿಯೊಳಗೆ ಇಟ್ಟಳು. ಗುಮಾಸ್ತ ಕನ್ನಡಕ ಏರಿಸಿಕೊಂಡು ಆ ಕಲಂ ಓದಿ, ನಾಲಿಗೆ ಲೊಚಗುಟ್ಟಿದ.

"ಏನಮ್ಮಾ ಹೀಗೆ ಬರೆದಿದ್ದೀಯ? ಇದನ್ನ ಆಯ್ಕೆ ಸಮಿತಿಯವರು ಓದ್ತಾರೆ."

"ಓದಲಿ ಅಂತಲೇ ಬರೆದಿರೋದು" ಎಂದಳು ಯಾಕಮ್ಮ. "ಸೀಲ್ ಹಾಕಿ."